ಮನೆಮಂದಿಯೆಲ್ಲ ಪಾಸಾದ ಪರೀಕ್ಷೆ

ಎರಡೂವರೆ ವರ್ಷ ತುಂಬಿದರೂ ಪುಟ್ಟಿ ಒಂದು ಮಾತೂ ಆಡಿರಲಿಲ್ಲ. ಹಾಗೆಂದು ಮನೆಯಲ್ಲಿ ತಾಯಿಯ ಹೊರತು ಯಾರಿಗೂ ಚಿಂತೆಯಿರಲಿಲ್ಲ. ಅಜ್ಜ ನಿವೃತ್ತ ಟ್ರಾಫಿಕ್ ಪೊಲೀಸ್. ಅವರು ಅಂಗೈ ಎತ್ತಿದರೆ ಮಗು ನಿಲ್ಲುತ್ತಿತ್ತು, ಬೀಸಿದರೆ ಓಡಿ ಬರುತ್ತಿತ್ತು. ಲಾರಿ ಡ್ರೈವರುಗಳೂ ತಮ್ಮ ಮಾತು ಇಷ್ಟು ಕೇಳಿರಲಿಲ್ಲವೆಂದು ಅಜ್ಜ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಅಜ್ಜಿಗೆ ಮೊಮ್ಮಗಳು ಗಂಭೀರೆ, ಚಿಕ್ಕಪ್ಪನಿಗೆ ತತ್ವಜ್ಞಾನಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಈ ಮನೆಯಲ್ಲಿ ಹೆತ್ತವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಹಾಗಾಗಿತ್ತು.

ಹೆತ್ತವಳಿಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಅಡುಗೆಮನೆಯ ಪಾತ್ರೆಗಳೆಲ್ಲ ದಬದಬನೆ ಉರುಳಿದಾಗಲೂ ಮಗು ಅತ್ತ ಬೆನ್ನು ಹಾಕಿ ಕೂತು ಚಪ್ಪಲಿ ಜೋಡಿಸುತ್ತಿತ್ತು. ಅದಕ್ಕೆ ಏಕಾಗ್ರತೆ ಎನ್ನುತ್ತಾರೆಂದು ಅಜ್ಜ ತಿಳಿಹೇಳಿದರು. ಅವಳು ಹಟ ಹಿಡಿದು ಕಿವಿ ಪರೀಕ್ಷೆಗೆ ಹೊರಟಾಗ, ಮಗುವನ್ನು ಪಾಸು ಮಾಡಿಸಲು ಮನೆಗೆ ಮನೆಯೇ ಬೆನ್ನು ಹತ್ತಿತು.

ಪರೀಕ್ಷೆ ಮಾಡುವಾಕೆ ಮಗುವಿನ ಹಿಂದೆ ನಿಂತು ಎಡಗಡೆ ಗಂಟೆ ಬಾರಿಸಿದಳು. ಎದುರಿಗೆ ಕೂತ ಅಜ್ಜಿಯ ಹುಬ್ಬು ಅತ್ತ ಹಾರಿತು, ಚಿಕ್ಕಪ್ಪನ ಕತ್ತು ಅತ್ತ ವಾಲಿತು, ಅಜ್ಜನ ಕೈ ತಾನಾಗಿಯೇ ಎದ್ದು ಆ ಕಡೆಗೆ ದಾರಿ ಬಿಟ್ಟಿತು. ಪುಟ್ಟಿಯೂ ತಿರುಗಿದಳು. ಬಲಗಡೆ ಗಿಲಕಿ ಆಡಿಸಿದರೂ ಅದೇ ಕತೆ. ಮನೆಯವರು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಪುಟ್ಟಿಯೂ ತಟ್ಟಿದಳು.

ಪರೀಕ್ಷೆ ಮಾಡುವಾಕೆ ಆ ಮೂವರ ತಲೆಗೂ ಟವೆಲ್ ಹೊದಿಸಿದಳು. ಗಂಟೆ ಬಾರಿಸಿದೊಡನೆ ಮೂರು ಟವೆಲ್ಲುಗಳೂ ಅತ್ತ ವಾಲಿದವು. ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಅಜ್ಜನ ಬೆನ್ನೇ ಸಿಗ್ನಲ್ ಕೊಟ್ಟಿತು.

“ಇವರೆಲ್ಲರ ಕಿವಿ ಚೆನ್ನಾಗಿದೆ. ಇನ್ನು ಮಗೂದು ನೋಡೋಣ,” ಎಂದು ಆಕೆ ಮೂವರನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿದಳು. ಆಮೇಲೆ ತಾಯಿಯನ್ನು ಮಗುವಿನ ಎದುರು ಕೂರಿಸಿ, ಮುಖ ಕಲ್ಲಿನ ಹಾಗಿರಲಿ ಎಂದಳು. ಕೇಳಿಸದಿದ್ದರೆ ಈಗಲೇ ಗೊತ್ತಾಗಬೇಕು, ಕಿವಿಗೆ ಯಂತ್ರ ಹಾಕಿದರೆ ಮಾತು ಬಂದೀತು. ಸುಳ್ಳು ಪಾಸಾಗಿ ಮನೆಗೆ ಹೋದರೆ ಮಾತು ಕಲಿಯುವ ಕಾಲ ಮತ್ತೆ ಸಿಗುವುದಿಲ್ಲ ಎಂದೂ ಹೇಳಿದಳು.

ಮಗುವಿನ ಹಿಂದೆ ಡೋಲು ಢಂ ಎಂದಿತು. ಪುಟ್ಟಿ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಬಾರಿಸಿದರೂ ಅಷ್ಟೇ. ಮಗು ಅಮ್ಮನ ಮುಖವನ್ನೇ ನೋಡುತ್ತಿತ್ತು. ರೆಪ್ಪೆಯೊಂದು ಅತ್ತಿತ್ತ ಆದರೆ ಸಾಕು, ಮಗಳು ಪಾಸು, ಹೊರಗೆ ಕಾಯುವವರಿಗೆಲ್ಲ ಖುಷಿ. ತಾಯಿಗೂ ಹಾಗೆ ಮಾಡಬೇಕೆನಿಸಿತು, ತುಂಬಾ ಅನಿಸಿತು. ಹಲ್ಲು ಕಚ್ಚಿ ಕೂತಳು.

ಪುಟ್ಟಿ ಸ್ವಲ್ಪ ಕಾದಳು. ಆಮೇಲೆ ಎದ್ದು ಬಂದು ಅಮ್ಮನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, ಮುಖವನ್ನು ಒಮ್ಮೆ ಎಡಕ್ಕೆ ತಿರುಗಿಸಿದಳು, ಒಮ್ಮೆ ಬಲಕ್ಕೆ ತಿರುಗಿಸಿದಳು. ಯಾವ ಕಡೆ ಎಂದು ಕೇಳುವವಳಂತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಇವಳಿಗೆ ಕೇಳಿಸ್ತಾ ಇಲ್ಲ, ಬರ್ಕೊಳ್ಳಿ,” ಎಂದಳು ತಾಯಿ, ಗಲ್ಲ ಇನ್ನೂ ಮಗಳ ಕೈಯಲ್ಲೇ ಇತ್ತು. “ಯಂತ್ರ ಯಾವತ್ತು ಹಾಕ್ತೀರ?”