ನಾಗಮ್ಮನ ಸಟ್ಟುಗ

ಮಂಜಗುಣಿಯಲ್ಲಿ ನನ್ನ ಪಕ್ಕದ ಮನೆಯ ನಾಗಮ್ಮನಿಗೆ ಮಕ್ಕಳ ಅಳು ಅಂದರೆ ಆಗುತ್ತಿರಲಿಲ್ಲ. ಸೊಸೆ ಮಂಜಿಯದು ಬೇರೆಯೇ ರೀತಿ. ನಾಲ್ಕು ವರ್ಷದ ಮಗ ಬೊಮ್ಮು ಹಟ ಹಿಡಿದು ಅಂಗಳದಲ್ಲಿ ಹೊರಳಾಡಿದರೆ ಅವಳು ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುವಳು. ಸಿಟ್ಟು ಬಂತಾ, ಹೆದರಿಕೆಯಾಯಿತಾ ಎಂದು ಮೆಲ್ಲಗೆ ಕೇಳುವಳು. ಹುಡುಗ ಅತ್ತು, ಬಿಕ್ಕಿ, ಕೊನೆಗೆ ತಾನಾಗಿ ಅವಳ ಮಡಿಲಿಗೆ ಬರುತ್ತಿದ್ದ. ಅದನ್ನು ಕಂಡರೆ ನಾಗಮ್ಮನಿಗೆ ಮೈಯೆಲ್ಲ ಉರಿ. ಕೂಸಿನ ಕಾಲು ಹಿಡಿಯುವ ತಾಯಿಯನ್ನು ತಾನೆಲ್ಲೂ ಕಂಡಿಲ್ಲ ಎಂದು ಊರಿಗೆಲ್ಲ ಸಾರುತ್ತಿದ್ದಳು.

ಆ ವರ್ಷ ಸರಕಾರಕ್ಕೆ ಕರ ಕಟ್ಟದ ಒಡೆಯರ ಗದ್ದೆಗಳು ಜಪ್ತಿಯಾಗಿ ಊರಿನಲ್ಲಿ ಕೊಯ್ಲಿನ ಕೂಲಿಯೇ ಇರಲಿಲ್ಲ. ಮಂಜಿಯ ಗಂಡ ಮಚವೆಯಲ್ಲಿ ಸಮುದ್ರಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಅವಳು ಹುಡುಗನನ್ನು ಅತ್ತೆಯ ಹತ್ತಿರ ಬಿಟ್ಟು ದೂರದ ಕದ್ವಾಡಕ್ಕೆ ಕೊಯ್ಲಿಗೆ ಹೊರಟಳು. ಹೋಗುವಾಗ ಅತ್ತೆಗೆ ಕೈಮುಗಿದಳು.

“ಅತ್ರೆ ಅಳೂಕೆ ಬಿಡಿ ಅತ್ತೆ, ಹೊಡೀಬೇಡಿ. ಹತ್ರ ಕೂತ್ರೆ ಸಾಕು, ತಾನೇ ಸುಮ್ನಾಗ್ತಾನೆ.”

ಹೂಂ ಅಂದಳು ಮಹಾತಾಯಿ. ಅವತ್ತೇ ಸಂಜೆ, ಅವ್ವಿ ಬೇಕು ಎಂದು ಅತ್ತ ಕೂಸಿನ ತೊಡೆಗೆ ಕಬ್ಬಿಣದ ಸಟ್ಟುಗ ಕಾಸಿ ಬರೆ ಎಳೆದಳು. ಕಿರುಚಿದ್ದಕ್ಕೆ ಇನ್ನೊಂದು. ನಾನು ಓಡಿಹೋಗಿ ಬೈದೆ. ನನ್ನ ಮೊಮ್ಮಗ, ನಿನಗೇಕೆ ಉಸಾಬರಿ ಎಂದು ಮುಖಕ್ಕೆ ಬಾಗಿಲು ಹಾಕಿದಳು. ಮರುದಿನದಿಂದ ಆ ಮನೆಯಲ್ಲಿ ಸೊಲ್ಲಿಲ್ಲ. ತಾಯಿ ಕೆಡಿಸಿದ್ದನ್ನು ತಾನು ಸರಿಮಾಡಿದೆ ಎಂದು ಬಾವಿಕಟ್ಟೆಯಲ್ಲಿ ಅವಳು ಮೆರೆದದ್ದೇ ಮೆರೆದದ್ದು. ಅವಳ ನಾಲಿಗೆ ಸೇದಿಹೋಗಲಿ.

ಕೊಯ್ಲು ಮುಗಿಸಿ ಮಂಜಿ ಬಂದಾಗ ಹುಡುಗ ಓಡಿ ಬರಲಿಲ್ಲ. ಗೋಡೆಗೆ ಒರಗಿ, ಒಂದು ಕಾಲನ್ನು ಗೋಣಿಯಡಿ ಅಡಗಿಸಿಕೊಂಡು ಕೂತಿದ್ದ. ಗೋಣಿ ಸರಿಸಿದರೆ ಗಬ್ಬು ನಾತ. ಹೊಳೆಯಿಂದ ತಂದು ತಿಂದು ಅಂಗಳಕ್ಕೆ ಎಸೆದ ಬಳಚಿನ ಚಿಪ್ಪೊಂದು ಅಂಗಾಲು ಸೀಳಿ, ಒಳಗೇ ಮುರಿದು, ಕೀವಾಗಿ, ಪಾದವೆಲ್ಲ ಕಪ್ಪಾಗಿತ್ತು. ತುಳಿದ ದಿನ ಒಮ್ಮೆ ಚೀರಿದ್ದರೆ ನಾನಾದರೂ ಹೋಗಿ ಅದನ್ನು ಕಿತ್ತು ಹಾಕುತ್ತಿದ್ದೆ.

“ನೋವಾಗ್ತದ್ಯಾ ಮಗಾ?” ಎಂದಳು ಮಂಜಿ.

ಬೊಮ್ಮು ಅಜ್ಜಿಯ ಕಡೆ ನೋಡಿದ. ಇಲ್ಲ ಎಂದು ತಲೆಯಾಡಿಸಿದ.

ಗಾಡಿ ಹೂಡಿ ಅಂಕೋಲೆಗೆ, ಅಲ್ಲಿಂದ ಮೋಟಾರಿನಲ್ಲಿ ಕಾರವಾರದ ಆಸ್ಪತ್ರೆಗೆ ನಾವಿಬ್ಬರೇ ಅವನನ್ನು ಒಯ್ದೆವು. ನಾಗಮ್ಮ ಮನೆಯಲ್ಲೇ ಉಳಿದಳು. ಜೀವ ಉಳಿಯಬೇಕಾದರೆ ಪಾದ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು. ಎಚ್ಚರವಾದ ಮೇಲೂ ಹುಡುಗ ತುಟಿ ಕಚ್ಚಿಕೊಂಡು ಮಲಗಿದ್ದ, ಒಂದು ಹನಿ ಕಣ್ಣೀರಿಲ್ಲ. ಅಳು ಮಗಾ, ಇಲ್ಲಿ ಯಾರೂ ಏನೂ ಮಾಡುವುದಿಲ್ಲ ಎಂದು ಮಂಜಿ ಅವನನ್ನು ಬೇಡಿಕೊಂಡಳು. ಬೇಡುತ್ತಾ ಬೇಡುತ್ತಾ ತಾನೇ ಹೋ ಎಂದು ಅತ್ತುಬಿಟ್ಟಳು.

ಬೊಮ್ಮು ಗಾಬರಿಯಿಂದ ಬಾಗಿಲ ಕಡೆ ನೋಡಿದ. ಪುಟ್ಟ ಕೈಯಿಂದ ಅವಳ ಬಾಯಿ ಒತ್ತಿ ಮುಚ್ಚಿದ.

“ಅಳ್ಬೇಡ ಅವ್ವಿ. ಅಜ್ಜಿ ಸಟ್ಟುಗ ತರ್ತದೆ.”