ಹಾಲಿನ ಸಾಕ್ಷಿ

ಮನೆಯವರು ಸೇರಿ ಕೂರುವ ಒಳ ಮಜ್ಲಿಸ್ಸಿನ ಗೋಡೆಯ ಮೇಲೊಂದು ಛಾಯಾಚಿತ್ರವಿದೆ. ಚಿನ್ನದ ನೀರು ಹಾಯಿಸಿದ ಅಗಲವಾದ ಚೌಕಟ್ಟು. ಒಳಗೆ, ಬಿಳಿಯ ರೇಷ್ಮೆಯಲ್ಲಿ ಸುತ್ತಿದ ಒಂದು ಶಿಶು. ಕಣ್ಣು ಅರೆತೆರೆದಿದೆ, ತುಟಿಯ ಅಂಚಿನಲ್ಲಿ ಒರೆಸಲು ಮರೆತ ಒಂದು ಹನಿ. ಶಿಶುವನ್ನು ಎರಡು ಕೈಗಳು ಎತ್ತಿ ಹಿಡಿದಿವೆ. ಕಪ್ಪು ಕೈಗಳು, ಎಳೆಯವು. ಎಡಗೈಯಲ್ಲಿ ಹಸಿರು ಗಾಜಿನ ಬಳೆಗಳು. ಬೆರಳುಗಳು ಮಗುವಿನ ಬೆನ್ನಿನ ಕೆಳಗೆ ಒಂದರೊಳಗೊಂದು ಹೆಣೆದುಕೊಂಡು ತೊಟ್ಟಿಲಾಗಿವೆ. ಮೊಣಕೈಗಳ ಬಳಿ ಚೌಕಟ್ಟು ಮುಗಿಯುತ್ತದೆ. ಅಲ್ಲಿಂದಾಚೆ ಯಾರಿದ್ದರೆಂದು ಚಿತ್ರ ಹೇಳುವುದಿಲ್ಲ. ಮಧ್ಯಾಹ್ನದ ಬಿಸಿಲು ದಪ್ಪ ಪರದೆಗಳ ಸಂದಿನಿಂದ ಇಳಿದು ಗಾಜಿನ ಮೇಲೊಂದು ಗೆರೆ ಎಳೆಯುತ್ತದೆ. ಗೆರೆ ಮೆಲ್ಲನೆ ಶಿಶುವಿನ ಹಣೆಯನ್ನು ದಾಟಿ, ಬಳೆಗಳನ್ನು ಮುಟ್ಟಿ, ಆರಿಹೋಗುತ್ತದೆ.

ಆ ಕೈಗಳು ಮೈಮೂನಳವು. ಉಳ್ಳಾಲದ ಬ್ಯಾರಿ ಹೆಣ್ಣು. ಅಬುಧಾಬಿಯ ಈ ಮನೆಗೆ ಅವಳು ಬಂದದ್ದು ಡ್ರೈವರನ ಹೆಂಡತಿಯಾಗಿ. ಅರಬ್ ಶೇಖ್ ಮನೆತನದ ಒಂದು ಕವಲು ಅದು; ನೆಲದಡಿಯ ಎಣ್ಣೆ ಪಾಲಾಗಿ, ಸದ್ದಿಲ್ಲದೆ, ಬಂದು ಸೇರುವ ಮನೆ. ಹಿತ್ತಲಿನ ಕೆಲಸದವರ ಕೋಣೆಯಲ್ಲಿ ಹುಟ್ಟಿದ ಅವಳ ಹೆಣ್ಣುಕೂಸು ಬಾಣಂತನ ಮುಗಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡಿತು. ಎದೆಗೆ ಅದು ತಿಳಿದಿರಲಿಲ್ಲ. ಹಾಲು ಬರುತ್ತಲೇ ಇತ್ತು. ಅದೇ ವಾರ ದೊಡ್ಡಮನೆಯಲ್ಲಿ ಗಂಡುಮಗು ಹುಟ್ಟಿತು. ಹೆತ್ತವಳು ಕಾಯಿಲೆ ಬಿದ್ದಳು. ಮಗು ಬಾಟಲಿಯನ್ನು ಒಲ್ಲೆನೆಂದಿತು. ಯಾರೋ ಬಂದು ಮೈಮೂನಳನ್ನು ಕರೆದೊಯ್ದರು.

ಹಾಗೆ ಶೇಖ್ ಗಾನಿಮ್ ಅವಳ ಮಗನಾದ. ಮಾತಿಗೆ ಮಾತ್ರವಲ್ಲ, ಧರ್ಮದ ನಿಯಮದಂತೆಯೇ ಮಗ. ಎಳೆಗೂಸಿಗೆ ಹೊಟ್ಟೆ ತುಂಬ, ಮತ್ತೆ ಮತ್ತೆ, ಹಾಲೂಡಿದವಳು ತಾಯಿ. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರು. ಅವರ ನಡುವೆ ಮದುವೆ ಸಲ್ಲದು. ಗಂಡ ತೀರಿಕೊಂಡ ಮೇಲೂ ಮೈಮೂನ ಊರಿಗೆ ಹೋಗಲಿಲ್ಲ. ಅಲ್ಲಿ ಕಾಯುವವರು ಯಾರೂ ಉಳಿದಿರಲಿಲ್ಲ. ಇಲ್ಲೊಬ್ಬ ಮಗನಿದ್ದ.

ಗಾನಿಮನ ಹೆತ್ತ ತಾಯಿಯನ್ನು ಎಲ್ಲರೂ ಉಮ್ಮ್ ಗಾನಿಮ್ ಎಂದೇ ಕರೆಯುತ್ತಾರೆ; ಹೆಂಗಸನ್ನು ಹಿರಿಯ ಮಗನ ಹೆಸರಿನಿಂದ, ಅವನ ತಾಯಿಯೆಂದು ಕರೆಯುವುದು ಆ ನಾಡಿನ ರೂಢಿ. ಒಂದು ಇಳಿಹೊತ್ತು ಆಕೆ ಮೈಮೂನಳನ್ನು ಕರೆಸಿ ಎದುರಿನ ಮೆತ್ತೆಯ ಮೇಲೆ ಕೂರಿಸಿದಳು. ಹಾಗೆ ಕೂರಿಸಿದ್ದು ಅಪರೂಪ.

"ಗಾನಿಮನ ಮದುವೆ ಗೊತ್ತಾಗಿದೆ. ಅವನ ಚಿಕ್ಕಪ್ಪನ ಮಗಳು ರೀಮ್."

ಮೈಮೂನ ನಕ್ಕಳು, ಯಾರೋ ತಮಾಷೆ ಮಾಡಿದಂತೆ. "ರೀಮಳೇ? ಅದು ಹೇಗೆ ಆಗುತ್ತದೆ ಮದಾಮ್? ಅವಳ ತಾಯಿ ಲಂಡನ್ನಿಗೆ ಹೋದಾಗ ಕೂಸನ್ನು ನನ್ನ ಮಡಿಲಿಗೇ ಹಾಕಿ ಹೋಗಿದ್ದರಲ್ಲ. ಈ ಕಡೆ ಅವನು, ಆ ಕಡೆ ಅವಳು. ಇಬ್ಬರೂ ಒಬ್ಬರನ್ನೊಬ್ಬರು ಒದೆಯುತ್ತಿದ್ದರು."

"ಅದನ್ನೇ ಹೇಳಬಾರದು ಅಂತ ಕರೆಸಿದ್ದು."

ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿಸಿತು. ಉಮ್ಮ್ ಗಾನಿಮ್ ಕೈಯೆತ್ತಿ ಮಾತು ತಡೆದಳು. "ಮೊದಲು ನಮಾಜು." ಆಕೆ ಚಾಪೆ ಹಾಸಿ, ಅವಸರವಿಲ್ಲದೆ ಬಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಮೈಮೂನ ಅವಳ ಹಿಂದೆ ನಿಂತು ಅದನ್ನೇ ಮಾಡಿದಳು. ಚಾಪೆ ಮಡಿಸುತ್ತ ಆಕೆ ಸುಳ್ಳನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು.

"ನಿಕಾಹಿನ ಮೊದಲು ಮೌಲವಿ ಕೇಳುತ್ತಾರೆ, ಎರಡು ಮನೆಗಳ ನಡುವೆ ಹಾಲಿನ ಸಂಬಂಧ ಇದೆಯೇ ಅಂತ. ಯಾರೋ ನಿನ್ನ ಹೆಸರು ಎತ್ತಿದ್ದಾರೆ. ನೀನು ಡಬ್ಬಿಯ ಹಾಲು ಕಲಸಿ ಕುಡಿಸಿದೆ, ಅಷ್ಟೆ. ಹಾಗೆ ಹೇಳಿದರೆ ಸಾಯುವ ತನಕ ಈ ಮನೆಯಲ್ಲಿ ಇರು. ನಿನ್ನ ವೀಸಾದ ಚಿಂತೆ ನನ್ನದು. ದಿನಾ ಅವನನ್ನು ನೋಡುತ್ತೀ."

"ಬೇರೆ ಹೇಳಿದರೆ?"

ಉಮ್ಮ್ ಗಾನಿಮ್ ಜಪಮಣಿಯ ಒಂದು ಮಣಿಯನ್ನು ದಾಟಿಸಿದಳು. "ಊರು ನೋಡದೆ ನಿನಗೂ ತುಂಬ ಕಾಲವಾಯಿತಲ್ಲ."

ಮರುದಿನ ಬೆಳಿಗ್ಗೆ ಮೈಮೂನ ಮೀನು ತರಲು ಅಲ್ ಮೀನಾದ ಮಾರುಕಟ್ಟೆಗೆ ಹೋದಳು. ಟೂರಿಸ್ಟ್ ಕ್ಲಬ್ ಏರಿಯಾದಿಂದ ಎಲ್ಸಿಯೂ ಬಂದಿದ್ದಳು. ಮಂಗಳೂರಿನ ಕ್ರೈಸ್ತ ಹೆಂಗಸು ಎಲ್ಸಿ ಆಸ್ಪತ್ರೆಯ ನರ್ಸಾಗಿದ್ದವಳು. ಗಾನಿಮ್ ಹುಟ್ಟಿದಾಗ ಬಾಣಂತಿಗೆ ಇಂಜೆಕ್ಷನ್ ಕೊಡಲು ಆ ಮನೆಗೆ ದಿನವೂ ಬರುತ್ತಿದ್ದಳು. ಈಗ ನಿವೃತ್ತಳಾಗಿ ಮಗ ಶೆಲ್ಡನ್ನನ ಜೊತೆಗಿದ್ದಾಳೆ.

"ಈ ಬಂಗುಡೆಯ ಕಣ್ಣು ನೋಡು, ನಮ್ಮ ಹಳೇ ಮೇಟ್ರನ್ನಳ ಹಾಗೆ ಕೆಂಪು. ಬೇಡ, ಮುಂದೆ ಹೋಗುವ," ಎಂದ ಎಲ್ಸಿ, ಮೈಮೂನ ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಮೀನಿನ ಕಟ್ಟೆಗೆ ಬೆನ್ನು ಹಾಕಿ ನಿಂತಿದ್ದಳು.

"ಅಲ್ಲ ಮಾರಾಯ್ತಿ, ಹೋದ ವರ್ಷ ದುಬಾಯಿಯಲ್ಲಿ ನಿನ್ನನ್ನು ಸ್ಟೇಜಿಗೆ ಹತ್ತಿಸಿ ಹಣೆಗೆ ಮುತ್ತು ಕೊಟ್ಟದ್ದು ಯಾರಂತೆ? 'ನನಗೆ ಇಬ್ಬರು ತಾಯಂದಿರು' ಅಂತ! ಜನ ಅತ್ತದ್ದೇ ಅತ್ತದ್ದು. ತಾಯಂದಿರ ಸಹಾಯನಿಧಿಗೆ ಹಣ ಎತ್ತಲಿಕ್ಕೆ ಅಂತೆ. ಶೆಲ್ಡನ್ನನ ಫೋನಲ್ಲಿ ಆ ವಿಡಿಯೋ ಈಗಲೂ ಉಂಟು."

"ಅದು ನಿಧಿಗೆ, ಎಲ್ಸಿ ಬಾಯಿ. ಇದು ಮದುವೆಗೆ."

"ನಾನು ಬಂದು ಹೇಳ್ತೇನೆ. ಕಣ್ಣಾರೆ ನೋಡಿದ್ದೇನೆ ನಾನು."

"ನಿಮ್ಮ ಸಾಕ್ಷಿ ಅಲ್ಲಿ ನಡೆಯುದಿಲ್ಲ. ನೀವು ಇಗರ್ಜಿಯವರು."

"ಇಂಜೆಕ್ಷನ್ ಮಾತ್ರ ನಡೀತದೆ, ಅಲ್ವಾ?" ಎಲ್ಸಿ ನಕ್ಕಳು; ಮೈಮೂನಳೂ ನಕ್ಕಳು. ನಗು ಬೇಗ ಮುಗಿಯಿತು. ಎಲ್ಸಿ ತಗ್ಗಿದ ದನಿಯಲ್ಲಿ, "ಕೇಳು. ಇಲ್ಲ ಅಂತ ಒಂದು ಮಾತು ಹೇಳಿ ಬಿಡು. ಊರಲ್ಲಿ ನಿಂಗೆ ಯಾರುಂಟು? ಪಾಪ ಅವರದ್ದು, ಟಿಕೆಟು ನಿಂದು," ಎಂದಳು.

"ಇಲ್ಲ ಅಂತ ಹೇಳಿದ್ರೆ ಅವ ನಂಗೆ ಯಾರು, ಬಾಯಿ? ಮತ್ತೆ ನಾನು ಇಲ್ಲಿ ಉಳಿಯುದು ಯಾರ ಹತ್ರ?"

ಎಲ್ಸಿ ಮೀನಿನ ಕಟ್ಟೆಯ ಕಡೆ ತಿರುಗಿದಳು. ಮೀನು ಕೊಯ್ಯುವವನು ಕತ್ತಿ ಹಿಡಿದು, "ಯಲ್ಲಾ, ಬೇಗ ಸಿಸ್ಟರ್, ಯಾವುದು?" ಎಂದು ಕೂಗುತ್ತಿದ್ದ.

ಆ ಸಂಜೆ ಗಾನಿಮ್ ಅಡುಗೆಮನೆಗೆ ಬಂದ. ಮೈಮೂನ ಅಕ್ಕಿಯುಂಡೆಯ ಪುಂಡಿಯನ್ನು ಹಬೆಯಿಂದ ತೆಗೆಯುತ್ತಿದ್ದಳು. ಬಟ್ಟೆ ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು, ಅವಳು ಸರಿಪಡಿಸಿಕೊಳ್ಳಲಿಲ್ಲ. ಪರಗಂಡಸಿನೆದುರು ಮುಚ್ಚಬೇಕಾದದ್ದನ್ನು ಮಗನೆದುರು ಮುಚ್ಚಬೇಕಿಲ್ಲ. ಅವನು ಆ ನರೆತ ಬೈತಲೆಗೆ ತುಟಿ ತಾಗಿಸಿ, ಗಿಡ್ಡ ಸ್ಟೂಲೆಳೆದು ಕುಳಿತ. ಎಳವೆಯಲ್ಲಿ ಅವಳಿಂದ ಕಲಿತ ಬ್ಯಾರಿ ಮಾತು ಅರಬಿಯ ನಡುವೆ ಅವನ ಬಾಯಲ್ಲಿ ಈಗಲೂ ಹಣಕಿಕ್ಕುತ್ತಿತ್ತು.

"ಸಿಗಡಿ ಸಾರು ಇಲ್ಲವಾ ಉಮ್ಮಾ? ಒಣ ಪುಂಡಿ ಕೊಟ್ಟು ಶಿಕ್ಷೆಯೋ?"

"ಕೈ ತೊಳೆದೆಯಾ ಮೊದಲು?"

"ನೂರು ಜನ ಈ ಕೈಗೆ ಮುತ್ತು ಕೊಡುತ್ತಾರೆ."

"ಹಾಗಾದರೆ ಎರಡು ಸಲ ತೊಳಿ."

ಅವನು ಮನಸಾರೆ ನಕ್ಕು ಎದ್ದು ತೊಳೆದು ಬಂದ. ಎರಡನೆಯ ತುತ್ತಿನ ಬಳಿಕ ಕೈ ನಿಂತಿತು. "ಚಿಕ್ಕಪ್ಪ ಈ ಮದುವೆಯಿಲ್ಲದೆ ಪಾಲುದಾರಿಕೆಗೆ ಒಪ್ಪುವುದಿಲ್ಲ. ಅಪ್ಪ ತೀರಿದ ಮೇಲೆ ನಮ್ಮ ಕಡೆಗೆ ಉಳಿದದ್ದು ಹೆಸರು ಮಾತ್ರ. ಒಂದು ಮಾತು, ಉಮ್ಮಾ. ನನಗೋಸ್ಕರ."

"ಅವಳು ನಿನ್ನ ತಂಗಿ, ಮೋನೆ, ನನ್ನ ಮಗನೇ."

"ಎಷ್ಟೋ ವರ್ಷದ ಹಿಂದಿನ ಹಾಲು. ಎಲ್ಲಿ ಉಳಿದಿದೆ ಅದು?"

"ನಿನ್ನ ಎಲುಬಲ್ಲಿ."

ಅವನು ಬೆರಳಿನಿಂದ ತಟ್ಟೆಯ ಅಂಚನ್ನು ಸವರುತ್ತ ಕುಳಿತ. ಮೈಮೂನ ಅವನೆದುರು ಕುಕ್ಕರಿಸಿ ಕೂತು ಕೇಳಿದಳು: "ನಾಳೆ ಮೌಲವಿ ನಿನ್ನನ್ನೇ ಕೇಳಿದರೆ ಏನು ಹೇಳುತ್ತೀ?"

"ನನ್ನನ್ನು ಯಾರೂ ಕೇಳುವುದಿಲ್ಲ," ಎಂದವನೇ ಎದ್ದು ಹೋದ.

ಕೇಳಿದರೆ ಅವನು ಸುಳ್ಳಾಡಲಾರ ಎಂದು ಅವಳು ಅದನ್ನು ಅರ್ಥಮಾಡಿಕೊಂಡಳು. ಹಾಲೂಡಿದ ಹೆಂಗಸೊಬ್ಬಳೇ ಮಾಡಬಹುದಾದ ತಪ್ಪು ಅದು.

ಮರುದಿನ ಒಳ ಮಜ್ಲಿಸ್ಸಿನಲ್ಲಿ ಅಗರುಧೂಪ ಹೊಗೆಯಾಡುತ್ತಿತ್ತು. ಒಂದು ಬದಿಗೆ ರೀಮಳ ತಂದೆ, ಮೌಲವಿ, ಗಾನಿಮ್. ಇನ್ನೊಂದು ಬದಿಗೆ ಉಮ್ಮ್ ಗಾನಿಮ್. ಮೈಮೂನ ಮುಖ ಮುಚ್ಚುವಂತೆ ಬಟ್ಟೆಯೆಳೆದು ಬಾಗಿಲ ಬಳಿ ನಿಂತಳು. ಆ ಮನೆತನದ ಮದುವೆಗಳನ್ನು ಓದಿಸುತ್ತಲೇ ಮುದುಕನಾದ ಮೌಲವಿ, ದೇವರ ಹೆಸರು ಹೇಳಿ, ಕೇಳಿದ.

"ಈ ಗಾನಿಮನಿಗೂ ಆ ರೀಮಳಿಗೂ ನೀನು ಹಾಲೂಡಿದ್ದುಂಟೇ?"

ಡಬ್ಬಿಯ ಹಾಲು ಎನ್ನುವ ಮಾತು ಅವಳ ನಾಲಗೆಯ ತುದಿಯ ತನಕ ಬಂದಿತ್ತು. ಸಾಯುವ ತನಕ ಅವನಿಗೆ ಪುಂಡಿ ಬೇಯಿಸುತ್ತ, ಅವನ ಮಕ್ಕಳನ್ನು ಆಡಿಸುತ್ತ ಇರಬಹುದಿತ್ತು. ಅಣ್ಣತಂಗಿಯರಿಗೆ ಹುಟ್ಟಬೇಕಾದ ಆ ಮಕ್ಕಳ ಯೋಚನೆಯೇ ಅವಳನ್ನು ತಡೆಯಿತು.

"ಉಂಟು. ಇಬ್ಬರಿಗೂ. ಅವರ ಹೊಟ್ಟೆ ತುಂಬಿ, ಅವರೇ ಬಿಡುವ ತನಕ. ದಿನಾಲೂ."

"ಡಬ್ಬಿಯ ಹಾಲು ಕಲಸುತ್ತಿದ್ದಳು," ಎಂದಳು ಉಮ್ಮ್ ಗಾನಿಮ್, ಬಹಳ ಮೃದುವಾಗಿ. "ಪಾಪ, ವಯಸ್ಸಾಗಿದೆ. ಸತ್ತ ತನ್ನ ಮಗುವಿನ ನೆನಪನ್ನೂ ಇದನ್ನೂ ಬೆರೆಸಿಕೊಂಡಿದ್ದಾಳೆ."

ಮೌಲವಿ ಗಾನಿಮನ ಕಡೆ ತಿರುಗಿದ. "ನೀನು ಹೇಳು. ನೀನು ಈಕೆಯನ್ನು ಏನೆಂದು ತಿಳಿದು ಬೆಳೆದೆ? ತಾಯಿಯೆಂದೋ?"

ಅವಳು ಬಟ್ಟೆಯ ನೇಯ್ಗೆಯ ಮೂಲಕ ಅವನನ್ನೇ ನೋಡಿದಳು. ಅವನು ರತ್ನಗಂಬಳಿಯ ಹೂವೊಂದನ್ನು ನೋಡುತ್ತಿದ್ದ.

"ಮನೆಯ ಕೆಲಸದವಳು," ಎಂದ ಗಾನಿಮ್. "ನನ್ನನ್ನು ಎತ್ತಿ ಆಡಿಸಿದ್ದಾಳೆ. ಬೇರೇನನ್ನೂ ನನಗೆ ಯಾರೂ ಹೇಳಿಲ್ಲ. ಅಲ್ಲಾಹನಾಣೆ."

"ಖಲಾಸ್," ಎಂದ ರೀಮಳ ತಂದೆ. ಖರ್ಜೂರದ ತಟ್ಟೆ ಬಂತು. ಮೌಲವಿ ಯಾರನ್ನೂ ನೋಡದೆ, "ಎಲ್ಲವನ್ನೂ ಬಲ್ಲವನು ಅವನು," ಎಂದು ಪೆನ್ನಿನ ಮುಚ್ಚಳ ತೆಗೆದ.

ಅವಳ ಟಿಕೆಟು ಆ ಸಂಜೆಯದೇ ಆಗಿತ್ತು. ಮೈಮೂನ ತನ್ನ ಕೋಣೆಯಲ್ಲಿ ಮುಸುಕು ತೆಗೆದಿಟ್ಟು, ಬರಿದಲೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಗಾನಿಮ್ ಎಂದಿನಂತೆ ತಟ್ಟದೆ ಒಳಬಂದ. ಅವಳು ಬೆಚ್ಚಿ, ಕೈಗೆ ಸಿಕ್ಕ ಬಟ್ಟೆಯನ್ನು ತಲೆಗೂ ಮುಖಕ್ಕೂ ಎಳೆದುಕೊಂಡು ಗೋಡೆಗೆ ಸರಿದಳು.

"ಉಮ್ಮಾ, ನಾನು."

"ಶೇಖ್, ಹೊರಗೆ ನಿಲ್ಲಿ. ಕೆಲಸದ ಹೆಂಗಸಿನ ಕೋಣೆ ಇದು."

'ನಿಲ್ಲಿ' ಎಂಬುದನ್ನು ಕೇಳಿ ಅವನ ಮುಖ ಮಗುವಿನಂತೆ ಕದಡಿತು. "ಅದು ಅವರೆದುರು ಹೇಳಿದ ಮಾತು. ನಮ್ಮಿಬ್ಬರ ನಡುವೆ ಎಲ್ಲ ಮೊದಲಿನ ಹಾಗೆಯೇ. ಮುಖ ತೋರಿಸು ಉಮ್ಮಾ, ಒಮ್ಮೆ."

"ದೇವರ ಹೆಸರಲ್ಲಿ ಹೇಳಿದ್ದೀರಿ. ನಾನು ಅದನ್ನು ಸುಳ್ಳು ಮಾಡಲಾರೆ."

ಅವನು ಹಿಂದೆ ಸರಿದು ಓಣಿಯ ಗೋಡೆಗೆ ಒರಗಿದ. ಚೀಲ ಹಿಡಿದು ಹೊರಬಂದ ಅವಳು, ತೋಳು ತಾಗದಷ್ಟು ದಾರಿಯಾಗುವ ತನಕ ತಲೆ ತಗ್ಗಿಸಿ ಕಾದಳು. ಅವನು ಇನ್ನಷ್ಟು ಸರಿದ. ಮುಸುಕಿನೊಳಗೆ ಅವಳು ಅಳುತ್ತಿದ್ದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ತಿಳಿಯುವ ಹಕ್ಕು ಈಗ ಅವನಿಗಿರಲಿಲ್ಲ.

ಹೊರಗೆ ಕಾರಿನ ಬಳಿ ನಿಂತಿದ್ದ ಡ್ರೈವರ್ ಪುರಂದರ ಮೆಟ್ಟಿಲ ತನಕ ಬಂದ. "ಚೀಲ ನಂಗೆ ಕೊಡಿ ಮೈಮೂನಕ್ಕ. ಎಲ್ಸಿ ಬಾಯಿ ಏರ್‌ಪೋರ್ಟಿಗೆ ಬರ್ತಾರಂತೆ."

ಅವಳು ಹೊಸ್ತಿಲು ದಾಟಿದಳು. ಬಿಸಿಗಾಳಿ ಮುಸುಕನ್ನು ಮುಖಕ್ಕೆ ಒತ್ತಿತು. ಒಳಗಿನ ತಂಪು ಹೊರಗೆ ಸೋರದಂತೆ ಕೂರಿಸಿದ್ದ ಆ ಭಾರವಾದ ಬಾಗಿಲು, ಯಾರೂ ಮುಟ್ಟದೆಯೇ, ಅವಳ ಹಿಂದೆ ನಿಧಾನವಾಗಿ ತಾನೇ ಮುಚ್ಚಿಕೊಂಡಿತು.