ಕೊಳೆಯದ ಟ್ಯಾಂಕು

ಗ್ಯಾಸಮ್ಮನ ಟ್ಯಾಂಕು ಮುನಿಸಿಕೊಂಡು ಹದಿನೆಂಟು ದಿನವಾಗಿತ್ತು. ಕೃಷಿ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ ಹಿಂಬದಿಯ ಶೆಡ್ಡಿನಲ್ಲಿ, ಕ್ಯಾಂಟೀನಿನ ಎಂಜಲು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲವನ್ನೂ ತಿಂದು ಗ್ಯಾಸು ಕೊಡುತ್ತಿದ್ದ ಕಪ್ಪು ಟ್ಯಾಂಕದು. ಅದನ್ನು ಕಟ್ಟಿ ಸಾಕಿದ ವಿಜ್ಞಾನಿಗೆ ಸಹೋದ್ಯೋಗಿಗಳು ಇಟ್ಟ ಹೆಸರೇ ಗ್ಯಾಸಮ್ಮ. ಆಕೆಗೆ ಬೇಸರವೇನೂ ಇರಲಿಲ್ಲ. ನಾಲ್ಕು ತಿಂಗಳು ಕ್ಯಾಂಟೀನಿನ ಚಹಾ ಕುದಿದದ್ದು ಅದೇ ಗ್ಯಾಸಿನಲ್ಲಿ. ಕುಡಿದವರು ಹೆಸರಿಟ್ಟರೆ ಇಡಲಿ ಎಂದುಕೊಂಡಿದ್ದಳು.

ಈಗ ಒಲೆ ಹಚ್ಚಿದರೆ ಉಸ್ಸೆಂದು ಉಸಿರುಬಿಟ್ಟು ಸುಮ್ಮನಾಗುತ್ತಿತ್ತು. ನಿರ್ದೇಶಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ತಿಂಗಳ ಕೊನೇ ಶುಕ್ರವಾರ ಕೇಂದ್ರದ ಕೆಲಸ ಪರಿಶೀಲಿಸೋ ಸಮಿತಿಯೋರು ಬರ್ತಾರೆ. ಅವರ ಮುಂದೆ ಒಲೆ ಉರೀಬೇಕು, ಯಾಕೆ ಕೆಟ್ಟಿತ್ತು ಅಂತ ಕಾರಣಾನೂ ಹೇಳ್ಬೇಕು. ಇಲ್ಲಾಂದ್ರೆ ಶೆಡ್ಡು ಕಾರು ನಿಲ್ಲಿಸೋಕೆ ಹೋಗುತ್ತೆ."

ಆರು ವರ್ಷದ ದುಡಿಮೆ ಕಾರುಗಳ ಪಾಲಾಗಲು ಅವಳು ಬಿಡುವವಳಲ್ಲ. ಟ್ಯಾಂಕಿನೊಳಗಿನ ಹುಳಿ ಅಳೆದಳು, ಬಿಸಿ ಅಳೆದಳು, ಸುಣ್ಣದ ನೀರು ಕುಡಿಸಿದಳು. ಟ್ಯಾಂಕು ಎರಡು ದಿನ ಗುಳುಗುಳು ಎಂದು ಚೇತರಿಸಿಕೊಳ್ಳುವುದು, ಮಂಗಳವಾರ ಕಳೆದೊಡನೆ ಮತ್ತೆ ಮಂಕಾಗುವುದು. ಮೂರು ವಾರವೂ ಇದೇ ಹಾಡು. ಅನುಮಾನ ಕ್ಯಾಂಟೀನಿನ ಅಡುಗೆಯಕ್ಕನ ಮೇಲೆ ಹೋಯಿತು.

"ಅಕ್ಕಾ, ಮಂಗಳವಾರ ಸೋಪಿನ ನೀರು ಏನಾದ್ರೂ ಇದಕ್ಕೆ ಸುರೀತೀರಾ?"

"ಅಯ್ಯೋ ನಮ್ಮವ್ವ! ನಿಮ್ಮ ಟ್ಯಾಂಕಿಗೆ ಹಾಕೋಷ್ಟು ಮುತುವರ್ಜಿಯಿಂದ ನನ್ ಗಂಡಂಗೂ ಊಟ ಬಡಿಸಲ್ಲ. ನಂಬಿಕೆ ಇಲ್ದಿದ್ರೆ ನೀವೇ ಕೂತು ಕಾಯಿರಿ!"

ಅಕ್ಕ ಮುಖ ತಿರುಗಿಸಿಕೊಂಡು ಹೋದಳು. ಮುಂದಿನ ಮಂಗಳವಾರ ಗ್ಯಾಸಮ್ಮ ನಿಜಕ್ಕೂ ಹೊಟ್ಟಿನ ಮೂಟೆಗಳ ಹಿಂದೆ ಕಾದು ಕುಳಿತಳು. ಮಧ್ಯಾಹ್ನ ಎರಡೂವರೆಗೆ ಬಿಳಿ ಕೋಟಿನ ಆಸಾಮಿಯೊಬ್ಬ ಎರಡು ಬಕೆಟ್ಟು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಬಂದ. ಅತ್ತಿತ್ತ ನೋಡಿ ಮುಚ್ಚಳ ತೆಗೆದು ಸುರಿದ. ನೋಡಿದರೆ ಅವಳ ಗಂಡ!

ಗಂಡನೂ ಅದೇ ಕೇಂದ್ರದವನೇ. ಮೇಲಂತಸ್ತಿನ ಆಹಾರ ಗುಣಗಳ ಪ್ರಯೋಗಾಲಯದಲ್ಲಿ ಹಣ್ಣಿನ ತಿರುಳು ಎಷ್ಟು ಗಟ್ಟಿ, ಎಷ್ಟು ಮಂದ, ಎಷ್ಟು ದಿನ ಕೆಡದೆ ಉಳಿದೀತು ಎಂದು ಅಳೆಯುವುದು ಅವನ ಕೆಲಸ.

"ರೀ! ಏನ್ರೀ ಮಾಡ್ತಿದೀರಾ?"

ಬಕೆಟ್ಟು ಕೈಜಾರಿತು. "ಊಟ ಹಾಕ್ತಿದೀನಿ ಕಣೇ. ಟ್ಯಾಂಕಿಗೆ ಮೇವು ಸಾಲ್ತಿಲ್ಲ ಅಂತ ನೀನೇ ಪೇಚಾಡ್ತಿದ್ದೆಯಲ್ಲ. ಪರೀಕ್ಷೆ ಮುಗಿದ ತಿರುಳು ಸುಮ್ನೆ ದಂಡ ಆಗ್ತಿತ್ತು. ಗ್ಯಾಸು ಜಾಸ್ತಿ ಬಂದ್ಮೇಲೆ ಹೇಳೋಣ ಅಂತ..."

"ಯಾವ ತಿರುಳು?"

"ತೊಂಬತ್ತು ದಿನ ಹೊರಗಿಟ್ರೂ ಒಂದಿಷ್ಟೂ ಕೆಡಲ್ವಲ್ಲ, ಅದು," ಎಂದು ಹೆಮ್ಮೆಯಿಂದ ಹೇಳಿದವನ ಮುಖ ಅರೆಗಳಿಗೆಯಲ್ಲಿ ಪೆಚ್ಚಾಯಿತು. ತಿರುಳು ಕೆಡದಿರಲೆಂದು ಅವನು ಬೆರೆಸುತ್ತಿದ್ದ ಪುಡಿ, ಟ್ಯಾಂಕಿನಲ್ಲಿ ಕೊಳೆಸುವ ಜೀವಾಣುಗಳನ್ನೂ ಮಲಗಿಸಿತ್ತು. ಟ್ಯಾಂಕು ಸೊರಗಿದೆ ಎಂದು ಊಟಕ್ಕೆ ಕೂತಾಗಲೆಲ್ಲ ಅವಳು ಗೋಳಾಡಿದ್ದಕ್ಕೆ, ಪುಣ್ಯಾತ್ಮ ಒಂದು ಬಕೆಟ್ಟನ್ನು ಎರಡು ಮಾಡಿದ್ದ!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಯ್ಯಲು ಬಾಯಿ ತೆಗೆದರೆ ನಗು ಬಂತು, ನಕ್ಕರೆ ಕಣ್ಣಲ್ಲಿ ನೀರು ಬಂತು.

ಉಳಿದದ್ದು ಹತ್ತೇ ದಿನ. ಇಬ್ಬರೂ ಟೊಂಕ ಕಟ್ಟಿದರು. ಟ್ಯಾಂಕಿನ ಮುಕ್ಕಾಲು ಪಾಲು ಮೊಗೆದು ಚೆಲ್ಲಿ, ಕೇಂದ್ರದ ದನದ ಕೊಟ್ಟಿಗೆಯಿಂದ ಸಗಣಿ ಹೊತ್ತು ತಂದು ಕದಡಿ ತುಂಬಿದರು. ಗಂಡ ಅದೆಷ್ಟು ನಾರುತ್ತಿದ್ದನೆಂದರೆ ಮೇಲಂತಸ್ತಿನವರು ಅವನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ಒಂಬತ್ತನೆಯ ದಿನ ಟ್ಯಾಂಕು ಗುಳುಗುಟ್ಟಿತು.

ಶುಕ್ರವಾರ ಸಮಿತಿಯ ಮೂವರ ಮುಂದೆ ಒಲೆ ನೀಲಿಯಾಗಿ ಉರಿಯಿತು. ಪಾತ್ರೆಯ ನೀರು ಕುದಿಯಿತು. ನಿರ್ದೇಶಕರು ಕನ್ನಡಕ ಏರಿಸಿಕೊಂಡು, "ಸಂತೋಷ. ಕೆಟ್ಟಿದ್ದು ಯಾಕೆ?" ಎಂದರು.

ಗ್ಯಾಸಮ್ಮ ಹಿಂದೆ ನಿಂತಿದ್ದ ಗಂಡನತ್ತ ನೋಡಿದಳು. ಅವನ ಬಡ್ತಿಯ ಕಡತ ಇದೇ ಸಮಿತಿಯ ಮುಂದಿತ್ತು. ನಿಜ ಹೇಳಿದರೆ ಅವನು ಎಲ್ಲರ ಬಾಯಿಗೆ ಬೀಳುತ್ತಾನೆ.

"ಚಳಿ ಸರ್," ಎಂದಳು, ತನ್ನ ಇಷ್ಟು ವರ್ಷದ ಅಳತೆಗಳಲ್ಲಿ ಒಂದು ಚುಕ್ಕೆಯನ್ನೂ ಆಚೀಚೆ ಮಾಡದವಳು. "ಈ ಸಲ ಚಳಿ ಜಾಸ್ತಿ ಇತ್ತು."

"ಚಳಿ ಅಲ್ಲ ಸರ್, ನಾನು," ಎಂದ ಗಂಡ ಮುಂದೆ ಬಂದು. ತಿರುಳು, ಪುಡಿ, ಬಕೆಟ್ಟು, ಒಂದನ್ನೂ ಬಿಡದೆ ಒಪ್ಪಿಸಿದ. ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಹಿರಿಯರು ಕಣ್ಣೊರೆಸಿಕೊಳ್ಳುತ್ತ, "ಅಂದ್ರೆ ಇವರ ಪುಡೀನೂ ಕೆಲಸ ಮಾಡುತ್ತೆ, ಈ ಅಮ್ಮಾವ್ರ ಟ್ಯಾಂಕೂ ಕೆಲಸ ಮಾಡುತ್ತೆ. ಕಾರುಗಳು ಬಿಸಿಲಲ್ಲೇ ನಿಲ್ಲಲಿ ಬಿಡ್ರೀ," ಎಂದರು.

ಎಲ್ಲರೂ ಹೋದ ಮೇಲೆ ಅವಳು ಗಂಡನ ಮೇಲೆ ಹರಿಹಾಯ್ದಳು. "ನಿಮ್ಮ ಮಾನ ಉಳಿಸೋಣ ಅಂತ ನೋಡಿದ್ರೆ ನನ್ನನ್ನೇ ಸುಳ್ಳುಬುರುಕಿ ಮಾಡಿದ್ರಲ್ರೀ!"

"ನಗೋರು ಎರಡು ದಿನ ನಗ್ತಾರೆ, ಸುಮ್ನಾಗ್ತಾರೆ," ಎಂದ ಅವನು. "ಆದ್ರೆ ಆ ಸುಳ್ಳು ಕಾರಣ ನಿನ್ನ ವರದಿಗೆ ಹೋಗಿದ್ರೆ, ಆಮೇಲೆ ನಿನ್ನ ಯಾವ ಅಳತೇನೂ ನಿನಗೇ ನಂಬೋಕೆ ಆಗ್ತಿರಲಿಲ್ಲ. ನನಗೋಸ್ಕರ ಅಷ್ಟು ಕಳ್ಕೋಬೇಡ ಕಣೇ."

ಈ ಮನುಷ್ಯನನ್ನು ಕಟ್ಟಿಕೊಂಡದ್ದು ಒಳ್ಳೆಯದೇ ಆಯಿತು ಎಂದು ಅವಳಿಗೆ ಮನಸಾರೆ ಅನ್ನಿಸಿತು. ಅದನ್ನು ಅವನಿಗೆ ಹೇಳಿಯೂ ಬಿಟ್ಟಳು.